ಕಿವಿ ಚುಚ್ಚುವ ವಯಸ್ಸು: ಓಲೆ, ತಾಮ್ರಪಟ ಮತ್ತು ನಮ್ಮ ಮನೆಯ ಚರ್ಚೆ

ಹೋದ ವರ್ಷ ನಮ್ಮ ಮನೆಯಲ್ಲಿ ನಾಲ್ಕೈದು ತಿಂಗಳು ಒಂದೇ ಚರ್ಚೆ: ಮಗಳ ಕಿವಿ ಯಾವಾಗ ಚುಚ್ಚಿಸುವುದು? ಅವಳಿಗೆ ಆಗ ನಾಲ್ಕೂವರೆ ವರ್ಷ. ನಾವಿರುವುದು ಬಂಟ್ವಾಳದಲ್ಲಿ. ಅಮ್ಮನ ತವರು ಮೂಡುಬಿದಿರೆ, ಹೆಂಡತಿಯದ್ದು ಬೆಳ್ತಂಗಡಿ.

"ಹನ್ನೊಂದನೇ ತಿಂಗಳಲ್ಲೇ ಆಗ್ಬೇಕಿತ್ತು, ನೀವು ಕೇಳ್ಲಿಲ್ಲ. ಶಾಲೆಗೆ ಸೇರುವ ಮೊದಲಾದ್ರೂ ಮುಗಿಸಿ" ಎಂದು ಅಮ್ಮ. "ಕಿವಿ ಅವಳದ್ದು ಅತ್ತೆ, ಅವಳೇ ಕೇಳ್ಲಿ" ಎಂದು ಹೆಂಡತಿ. ಹೆಂಡತಿ ಹಾಗೆ ಹೇಳಲು ಕಾರಣ ಉಂಟು. ಕೂಸಾಗಿದ್ದಾಗ ಚುಚ್ಚಿದ ಅವಳ ಎಡಕಿವಿ ಕೀವು ತುಂಬಿ ಹಾಲೆ ಸೀಳಿತ್ತು. ಗಾಯದ ಗೆರೆ ಈಗಲೂ ಕಾಣ್ತದೆ.

ನಡುವೆ ಸಿಕ್ಕಿಬಿದ್ದವ ನಾನು. "ಅಷ್ಟು ಶಾಸನ ಓದ್ತೀಯಲ್ಲ ಮಗಾ, ಅದ್ರಲ್ಲಿ ಎಂತ ಉಂಟು ನೋಡು" ಅಂತ ಅಮ್ಮ ಒಂದು ದಿನ ಹೇಳಿಯೇ ಬಿಟ್ಟರು. ವೃತ್ತಿಯಲ್ಲಿ ನಾನು ಮೆಕ್ಯಾನಿಕಲ್ ಇಂಜಿನಿಯರ್. ಶಾಸನ ಓದುವುದನ್ನು ನನಗೆ ಯಾರೂ ಪಾಠ ಹೇಳಿ ಕಲಿಸಿದ್ದಲ್ಲ. ದಕ್ಷಿಣ ಕನ್ನಡದ ಶಾಸನಗಳಿರುವ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' 7ನೇ ಸಂಪುಟ ಹಿಡಿದುಕೊಂಡು, ರಜಾದಿನಗಳಲ್ಲಿ ಮೂಡುಬಿದಿರೆಯ ಬಸದಿಗಳನ್ನು ಸುತ್ತಿ, ಕಲ್ಲಿನ ಅಕ್ಷರಕ್ಕೆ ಅಚ್ಚಿನ ಅಕ್ಷರ ಹೊಂದಿಸುತ್ತ ಕಲಿತದ್ದು. ಹಾಗಾಗಿ ಅಮ್ಮನ ಮಾತನ್ನು ತಮಾಷೆಯಾಗಿ ಬಿಡಲು ಮನಸ್ಸಾಗಲಿಲ್ಲ.

ಹುಡುಕಿದೆ. ನಾನು ಓದಿದ ಕಲ್ಲುಗಳಲ್ಲಿ ದೀಪಕ್ಕೆ ಎಣ್ಣೆ, ನೈವೇದ್ಯಕ್ಕೆ ಅಕ್ಕಿ, ಗದ್ದೆಯ ಗಡಿ, ತಪ್ಪಿದವರಿಗೆ ಶಾಪ ಎಲ್ಲ ಉಂಟು. ಮಗುವಿನ ಕಿವಿ ಇಲ್ಲ. ಇದರಿಂದ ಆಗ ಕಿವಿ ಚುಚ್ಚುತ್ತಿರಲಿಲ್ಲ ಎಂದು ತೀರ್ಮಾನಿಸಿದರೆ ತಪ್ಪಾಗ್ತದೆ. ಮಗುವಿನ ಸಂಸ್ಕಾರ ಶಾಸನಕ್ಕೆ ಬರುವುದು ಅದರ ಜೊತೆ ಆಸ್ತಿ ಕೈಬದಲಾದಾಗ ಮಾತ್ರ. ಕಾಶಿ ಪ್ರದೇಶದ ಗಾಹಡವಾಲ ರಾಜ ಜಯಚ್ಚಂದ್ರ 1175ರಲ್ಲಿ ಮಗ ಹರಿಶ್ಚಂದ್ರನ ಜಾತಕರ್ಮಕ್ಕೊಂದು, ನಾಮಕರಣಕ್ಕೊಂದು ದಾನ ಕೊಟ್ಟ. ಎರಡಕ್ಕೂ ತಾಮ್ರಪಟಗಳಿವೆ. ದಾನ ಕೊಡದಿದ್ದರೆ ಆ ಕೂಸಿನ ಹೆಸರಿಟ್ಟ ದಿನ ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಕಿವಿ ಚುಚ್ಚುವುದು ಮನೆಯ ಜಗಲಿಯಲ್ಲಿ, ಅಕ್ಕಸಾಲಿಗೆ ಒಂದಿಷ್ಟು ಅಕ್ಕಿ, ತೆಂಗಿನಕಾಯಿ, ದಕ್ಷಿಣೆ ಕೊಟ್ಟು ಮುಗಿಸುವ ಕೆಲಸ. ಅದಕ್ಕೆ ಯಾರು ಕಲ್ಲು ನಿಲ್ಲಿಸ್ತಾರೆ?

ಕಲ್ಲು ಬಿಟ್ಟು ಗ್ರಂಥಗಳಿಗೆ ಬಂದೆ. ಅಲ್ಲಿ ಉತ್ತರ ಇಲ್ಲ ಎಂಬ ತೊಂದರೆಯಿಲ್ಲ, ಉತ್ತರ ಹೆಚ್ಚಾಯಿತು ಎಂಬುದೇ ತೊಂದರೆ. ಬೃಹಸ್ಪತಿಯ ಹೆಸರಿನಲ್ಲಿ ಹೇಳುವ ಮತದಂತೆ ಹುಟ್ಟಿದ 10, 12 ಅಥವಾ 16ನೇ ದಿನ. ಗರ್ಗನ ಪ್ರಕಾರ 6, 7, 8 ಅಥವಾ 12ನೇ ತಿಂಗಳು. ಕಾತ್ಯಾಯನ ಸೂತ್ರದಲ್ಲಿ 3 ಅಥವಾ 5ನೇ ವರ್ಷ. ಹಲ್ಲು ಬರುವ ಮೊದಲು, ಮಗು ತಾಯಿಯ ಮಡಿಲಲ್ಲಿರುವಾಗಲೇ ಆಗಬೇಕು ಎನ್ನುವವನು ಶ್ರೀಪತಿ. ಮನುಸ್ಮೃತಿಯ ಸಂಸ್ಕಾರಗಳಲ್ಲಿ ಕರ್ಣವೇಧ ಇಲ್ಲವೇ ಇಲ್ಲ. ಸೂಜಿ ಚಿನ್ನದ್ದೋ ಬೆಳ್ಳಿಯದ್ದೋ ಕಬ್ಬಿಣದ್ದೋ ಎನ್ನುವುದನ್ನು ಮಾತ್ರ ಜಾತಿ ನೋಡಿ ಹೇಳಿಟ್ಟಿದ್ದಾರೆ. ಗಾಯಕ್ಕೆ ಜಾತಿ ಗೊತ್ತಾಗ್ತದಾ ಅಂತ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಸುಶ್ರುತಸಂಹಿತೆ. ಸೂತ್ರಸ್ಥಾನದ 16ನೇ ಅಧ್ಯಾಯ ಬಹುಪಾಲು ಕಿವಿಯದ್ದೇ. ರಕ್ಷಣೆಗೆ ಮತ್ತು ಆಭರಣಕ್ಕೆ ಮಗುವಿನ ಕಿವಿ ಚುಚ್ಚಬೇಕು. ಆರನೇ ಅಥವಾ ಏಳನೇ ತಿಂಗಳು, ಶುಕ್ಲಪಕ್ಷ. ಮಡಿಲಲ್ಲಿ ಕೂರಿಸಿ ಆಟಿಕೆ ತೋರಿಸಿ, ಹಾಲೆಯನ್ನು ಎಳೆದು ಸೂರ್ಯನ ಬೆಳಕು ಹಾಯುವ ಜಾಗ ನೋಡಿ ಚುಚ್ಚಬೇಕು. ಗಂಡಿಗೆ ಬಲಕಿವಿ ಮೊದಲು, ಹೆಣ್ಣಿಗೆ ಎಡಕಿವಿ. ರಕ್ತ ಮತ್ತು ನೋವು ಹೆಚ್ಚಾದರೆ ಜಾಗ ತಪ್ಪಿದೆ ಎಂದರ್ಥ. ಆಮೇಲೆ ಎಣ್ಣೆಯ ಬತ್ತಿ, ಮೂರು ಮೂರು ದಿನಕ್ಕೆ ಸ್ವಲ್ಪ ದಪ್ಪದ್ದು. ಹರಿದ ಹಾಲೆಯನ್ನು ಮತ್ತೆ ಕೂಡಿಸುವ ಹದಿನೈದು ವಿಧಾನಗಳೂ ಅದೇ ಅಧ್ಯಾಯದಲ್ಲಿವೆ. ಅಂದರೆ ಹರಿಯುವುದು ಆಗಲೂ ಮಾಮೂಲಿ. ಇದನ್ನು ಓದಿ ಹೇಳಿದಾಗ ಹೆಂಡತಿ ಏನೂ ಮಾತಾಡಲಿಲ್ಲ, ಎಡಕಿವಿ ಮುಟ್ಟಿ ನೋಡಿಕೊಂಡಳು.

ಮೂಡುಬಿದಿರೆಯನ್ನು ಬಿಟ್ಟು ಈ ವಿಷಯ ಮುಗಿಯುವುದಿಲ್ಲ. ಧವಲ, ಜಯಧವಲ ಗ್ರಂಥಗಳ ಪ್ರಾಚೀನ ತಾಳೆಗರಿ ಪ್ರತಿಗಳು ಉಳಿದದ್ದು ಅಲ್ಲಿಯೇ. ಭಾಷೆ ಪ್ರಾಕೃತ, ಲಿಪಿ ಹಳೆಗನ್ನಡ. ಜಯಧವಲವನ್ನು ಪೂರ್ಣಗೊಳಿಸಿದವನು 9ನೇ ಶತಮಾನದ ಜಿನಸೇನ. ಅವನದೇ ಸಂಸ್ಕೃತ ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳು 53. ಹೆಸರಿಡುವುದು, ಮೊದಲ ಸಲ ಹೊರಗೆ ಕರಕೊಂಡು ಹೋಗುವುದು, ಅನ್ನಪ್ರಾಶನ, ಕೂದಲು ತೆಗೆಸುವುದು, ಅಕ್ಷರ ಕಲಿಸುವುದು ಎಲ್ಲ ಇವೆ. ಕಿವಿ ಚುಚ್ಚುವುದಿಲ್ಲ. 15ನೇ ಶತಮಾನದ ಶ್ವೇತಾಂಬರ ಗ್ರಂಥ ಆಚಾರದಿನಕರದ 16 ಸಂಸ್ಕಾರಗಳಲ್ಲಿ ಅದು ಅನ್ನಪ್ರಾಶನದ ಪಕ್ಕದಲ್ಲೇ ಬಂದು ಕೂತಿದೆ. ಅನಾದಿಯಿಂದ ಬಂದ ಕಟ್ಟಳೆ ಅಂತ ನಾವು ಹೇಳುವುದಕ್ಕೂ ಹೀಗೆ ಒಂದು ಚರಿತ್ರೆ ಇರ್ತದೆ.

ತಾಳೆಗರಿ ಎಂದಾಗ ಒಂದು ಪದದ ಮಾತು ಹೇಳಲೇಬೇಕು. ಓಲೆ ಎಂದರೆ ತಾಳೆಗರಿ. ಅದರ ಮೇಲೆ ಬರೆದ ಕಾಗದವೂ ಓಲೆ, ಅದಕ್ಕೇ ಓಲೆಕಾರ. ಕಿವಿಯ ಆಭರಣವೂ ಓಲೆ. ತಮಿಳಿನ 'ಓಲೈ'ಗೂ ತೆಲುಗಿನ 'ಕಮ್ಮ'ಕ್ಕೂ ಈ ಮೂರೂ ಅರ್ಥಗಳಿವೆ. ಸಂಸ್ಕೃತದಲ್ಲಿ 'ತಾಲಪತ್ರ' ಕೂಡ ಕಿವಿಯಾಭರಣದ ಹೆಸರು. ಗರಿಯ ತುಂಡನ್ನು ಸುರುಳಿ ಸುತ್ತಿ ಕಿವಿಯ ತೂತಿಗೆ ಇಡುತ್ತಿದ್ದ ಕಾಲದ ನೆನಪು ಇದು. ಇಂಜಿನಿಯರ್ ಕಣ್ಣಿಗೆ ಅದೊಂದು ಸ್ಪ್ರಿಂಗ್: ಸುತ್ತಿದ ಗರಿ ಬಿಚ್ಚಿಕೊಳ್ಳಲು ನೋಡ್ತದೆ, ತೂತು ನಿಧಾನಕ್ಕೆ ದೊಡ್ಡದಾಗ್ತದೆ. ನಮ್ಮ ಬೆಂಡೋಲೆಯ 'ಬೆಂಡು' ಕೂಡ ಹಗುರವಾದ ಗಿಡದ ತಿರುಳೇ. ಚಿನ್ನ ಬಂದದ್ದು ಆಮೇಲೆ, ಹೆಸರು ಮಾತ್ರ ಗರಿಯದ್ದೇ ಉಳಿಯಿತು.

ಇನ್ನು ಬೆಳ್ತಂಗಡಿ ತಾಲೂಕಿನ ವೇಣೂರು. 1604ರಲ್ಲಿ ತಿಮ್ಮರಾಜ ಅಜಿಲ ನಿಲ್ಲಿಸಿದ 35 ಅಡಿಯ ಗೊಮ್ಮಟ. ಮಾವನ ಮನೆಗೆ ಹೋಗುವಾಗೆಲ್ಲ ಅಲ್ಲಿ ಇಳಿಯುವುದು ನನಗೆ ಅಭ್ಯಾಸ. ಈ ಸಲ ಶಾಸನ ಬಿಟ್ಟು ಕಿವಿ ನೋಡಿದೆ. ಇಂಥ ಮೂರ್ತಿಗಳ ಜೋತುಬಿದ್ದ ಉದ್ದ ಹಾಲೆಗೆ ಸಾಮಾನ್ಯವಾಗಿ ಕೊಡುವ ವಿವರಣೆ ಇದು: ರಾಜಕುಮಾರನಾಗಿದ್ದಾಗ ತೊಟ್ಟ ಭಾರದ ಕುಂಡಲ ಹಾಲೆಯನ್ನು ಎಳೆದಿದೆ. ಬಟ್ಟೆ ಬಿಟ್ಟ, ರಾಜ್ಯ ಬಿಟ್ಟ, ಕುಂಡಲವನ್ನೂ ಬಿಟ್ಟ. ಆದರೆ ಎಳೆದ ಕಿವಿಯನ್ನು ವಾಪಸ್ ಕೊಡ್ಲಿಕ್ಕೆ ಆಗಲಿಲ್ಲ. ಬೇರೆಯವರು ಸಣ್ಣದರಲ್ಲಿ ಮಾಡಿಟ್ಟದ್ದು ಮೈಯಲ್ಲೇ ಉಳಿಯಿತು. ಹೆಂಡತಿಯ ವಾದ ನನಗೆ ಸರಿಯಾಗಿ ಅರ್ಥವಾದದ್ದು ಆ ಬಿಸಿಲಲ್ಲಿ ನಿಂತಾಗ.

ಅಮ್ಮನ ವಾದಕ್ಕೂ ಆಧಾರ ಸಿಕ್ಕಿತು. ತಾಮ್ರಪಟದ ಹಲಗೆಗಳನ್ನು ಬಳೆಗೆ ಪೋಣಿಸಲು ತೂತು ಇರ್ತದಲ್ಲ, ಅದನ್ನು ನೋಡುವಾಗ ನಾವು ಕೇಳುವ ಮೊದಲ ಪ್ರಶ್ನೆ: ತೂತು ಮೊದಲೋ ಅಕ್ಷರ ಮೊದಲೋ? ತೂತು ಮೊದಲಾದರೆ ಬರೆಯುವವ ಸುತ್ತ ಜಾಗ ಬಿಟ್ಟು ಸಾಲು ಹೊಂದಿಸ್ತಾನೆ. ಆಮೇಲೆ ಕೊರೆದರೆ ಅಕ್ಷರ ಕತ್ತರಿಸಿ ಹೋಗುವ ಅಪಾಯ. ತಾಳೆಗರಿಯ ದಾರದ ತೂತಿನ ಸುತ್ತಲೂ ಇದೇ ಖಾಲಿ ಜಾಗ. ಅಮ್ಮ ಹೇಳುವುದೂ ಅದೇ: ಬುದ್ಧಿ ತಿಳಿಯುವ ಮೊದಲೇ ಆದರೆ ಮಗುವಿಗೆ ಅದು ನೆನಪೇ ಇರುವುದಿಲ್ಲ. ಆದರೆ ತಾಮ್ರಕ್ಕೆ ನೋವಿಲ್ಲ, "ಬೇಡ" ಅನ್ನುವ ಬಾಯಿಯೂ ಇಲ್ಲ.

ಮಕ್ಕಳ ಡಾಕ್ಟರನ್ನೂ ಕೇಳಿದೆವು. ಅವರು ವಯಸ್ಸು ಹೇಳಲಿಲ್ಲ, ಷರತ್ತು ಹೇಳಿದರು. ಧನುರ್ವಾಯುವಿನ ಲಸಿಕೆ ಆಗಿರಬೇಕು. ನಮ್ಮಲ್ಲಿ ಅದು 6, 10, 14ನೇ ವಾರದ ಪೆಂಟಾವೇಲೆಂಟ್‌ನಲ್ಲೇ ಸೇರಿದೆ. ಶುದ್ಧ ಸೂಜಿ, ನಿಕ್ಕಲ್ ಇಲ್ಲದ ಲೋಹ, ಮೆತ್ತಗಿನ ಹಾಲೆ ಮಾತ್ರ, ಗಾಯ ಮಾಗುವವರೆಗೆ ಸುಮಾರು ಆರು ವಾರ ಆರೈಕೆ. ತೀರಾ ತಡವೂ ಬೇಡ, 11 ವರ್ಷ ದಾಟಿದ ಮೇಲೆ ಚುಚ್ಚಿದರೆ ಕಲೆ ಉಬ್ಬುವ ಕೆಲಾಯ್ಡ್ ಹೆಚ್ಚು ಎಂದರು.

ಕೊನೆಗೆ ಮಗಳೇ ಕೇಳಿದಳು. ಅಂಗನವಾಡಿಯ ಗೆಳತಿಯ ಟಿಕ್ಕಿ ನೋಡಿ ಬಂದು, "ನಂಗೂ ಬೇಕು. ನೋವಾಗ್ತದಾ?" ಅಂದಳು. "ಆಗ್ತದೆ" ಎಂದಳು ಹೆಂಡತಿ. ಮೂರು ದಿನ ಯೋಚನೆ ಮಾಡಿ "ಅಡ್ಡಿಲ್ಲ" ಎಂದಳು ಮಗಳು.

ಮೂಡುಬಿದಿರೆಯಲ್ಲಿ ಅಮ್ಮನ ತವರಿನವರಿಗೆ ಗೊತ್ತಿದ್ದ ಹಿರಿಯ ಆಚಾರಿಯೊಬ್ಬರು. ಪೆನ್ನಿನಲ್ಲಿ ಎರಡೂ ಕಿವಿಗೆ ಚುಕ್ಕೆ ಇಟ್ಟು, ಕಿಟಕಿಯ ಬೆಳಕಿಗೆ ಹಾಲೆ ಎಳೆದು ನೋಡಿದರು. ಸುಶ್ರುತ ಹೇಳಿದ್ದನ್ನು ಅವರು ಓದಿರಲಿಕ್ಕಿಲ್ಲ, ಕೈಗೆ ಗೊತ್ತಿತ್ತು. ಎಡಕಿವಿ ಆಯಿತು. ಮಗಳು ಜೋರಾಗಿ ಅತ್ತು, ಬಲಕಿವಿ ಮುಚ್ಚಿಕೊಂಡು "ಇನ್ನೊಂದು ಬೇಡ" ಎಂದಳು. "ನಾನು ಹಿಡ್ಕೊಳ್ತೇನೆ, ಬೇಗ ಮುಗಿಸಿ ಆಚಾರ್ರೇ" ಎಂದರು ಅಮ್ಮ. ಆಚಾರಿ ತಂತಿ ಕೆಳಗಿಟ್ಟರು. "ಹಿಡಿದು ಮಾಡ್ಲಿಕ್ಕೆ ಆಗ್ತದೆ ಅಮ್ಮ. ತಲೆ ಅಲುಗಿದ್ರೆ ತೂತು ಓರೆ ಆಗ್ತದೆ. ಇನ್ನೊಂದು ದಿನ ಬನ್ನಿ."

ಒಂದೇ ಕಿವಿಯಲ್ಲಿ ಬಂಗಾರ ಹಾಕಿಕೊಂಡು ಬಂಟ್ವಾಳಕ್ಕೆ ವಾಪಸ್ ಬಂದೆವು. ದಾರಿಯುದ್ದಕ್ಕೂ ಅಮ್ಮ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ "ನಿನ್ನ ಅಜ್ಜ ಒಂಟಿ ಹಾಕ್ತಿದ್ರು, ಇವಳದ್ದು ನಿಜವಾಗಿ ಒಂಟಿ" ಅಂತ ತಾವೇ ನಕ್ಕರು. ಇಪ್ಪತ್ತನಾಲ್ಕು ದಿನ ಕಳೆದ ಮೇಲೆ, ಊಟ ಮಾಡುತ್ತಿದ್ದ ಮಗಳು "ಇನ್ನೊಂದು ಯಾವಾಗ?" ಎಂದಳು. ಈ ಸಲ ಯಾರೂ ಹಿಡಿಯಲಿಲ್ಲ. ಪೆನ್ನಿನ ಚುಕ್ಕೆ ಹೊಸದಾಗಿ ಇಟ್ಟದ್ದರಿಂದ ಬಲದ ತೂತು ಕೂದಲೆಳೆಯಷ್ಟು ಮೇಲಿದೆ. ಗೊತ್ತಿದ್ದವರಿಗೆ ಮಾತ್ರ ಕಾಣ್ತದೆ.

ಶಾಸನದ ಪಾಠ ಬರೆದುಕೊಳ್ಳುವ ನನ್ನ ಪುಸ್ತಕದಲ್ಲಿ ಎರಡೂ ದಿನಾಂಕ ಬರೆದಿಟ್ಟೆ: ಊರು, ಯಾವ ಕಿವಿ, ಯಾರ ಕೈ, ಕೇಳಿದವರು ಯಾರು. ಅಮ್ಮ ಕನ್ನಡಕ ಹಾಕಿ ಓದಿ, "ನನ್ನ ಹೆಸರು ಎಲ್ಲಿ?" ಎಂದರು. ಶಾಸನದ ಕೊನೆಯಲ್ಲಿ ಬರುವ ಹಾಗೆ ಸಾಕ್ಷಿಗಳ ಸಾಲು ಸೇರಿಸಿದೆ. ಮೊದಲ ಸಾಕ್ಷಿ ಅಜ್ಜಿ.