ಬಿಳಿಬಾಲದ ಜಿಂಕೆ: ವಿಸ್ಕಾನ್ಸಿನ್‌ನಲ್ಲಿ ಸಂಖ್ಯೆಯ ಏರಿಳಿತ ಮತ್ತು ಬೇಟೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪರವಾನಗಿಯೊಂದಿಗೆ ಬೇಟೆಯಾಡುವ ಪ್ರಮುಖ ಪ್ರಾಣಿ ಬಿಳಿಬಾಲದ ಜಿಂಕೆ. ನವೆಂಬರ್ ಕೊನೆಯ ವೇಳೆಗೆ ನಡೆಯುವ ಒಂಬತ್ತು ದಿನಗಳ ಬಂದೂಕು ಬೇಟೆ ಇಲ್ಲಿ ಹಬ್ಬವಿದ್ದಂತೆ. 2000ರಲ್ಲಿ ಎಲ್ಲ ಬಗೆಯ ಬೇಟೆ ಸೇರಿ 6 ಲಕ್ಷಕ್ಕೂ ಹೆಚ್ಚು ಜಿಂಕೆಗಳು ಸಿಕ್ಕಿದ್ದವು.

ಉತ್ತರದ ಕಾಡುಗಳಲ್ಲಿ ಜಿಂಕೆಗಳ ಸಂಖ್ಯೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಚಳಿಗಾಲ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಡಿಸೆಂಬರ್ 1ರಿಂದ ಏಪ್ರಿಲ್ 30ರವರೆಗೆ ಚಳಿಗಾಲದ ಕಠಿಣತೆಯ ಲೆಕ್ಕ ಇಡುತ್ತದೆ: ನೆಲದ ಮೇಲೆ 18 ಅಂಗುಲ ಹಿಮ ನಿಂತ ದಿನಕ್ಕೆ ಒಂದು ಅಂಕ, ಉಷ್ಣತೆ ಸೊನ್ನೆ ಫ್ಯಾರನ್‌ಹೀಟ್‌ಗೆ (ಸುಮಾರು ಮೈನಸ್ 18 ಸೆಲ್ಸಿಯಸ್) ಇಳಿದ ದಿನಕ್ಕೆ ಇನ್ನೊಂದು. ಮೊತ್ತ 100 ದಾಟಿದರೆ ಅತಿ ಕಠಿಣ. ಅಂಥ ವರ್ಷ ಮರಿಗಳು ಹೆಚ್ಚಾಗಿ ಸಾಯುತ್ತವೆ. ಬಸವಳಿದ ತಾಯಂದಿರು ವಸಂತದಲ್ಲಿ ಈಯುವ ಮರಿಗಳೂ ಬಡಕಲು. ಜಿಂಕೆಗಳು ಕಡಿಮೆಯಾದರೆ ಬೇಟೆಗಾರರು ತೋಳಗಳನ್ನು ದೂರುವುದೇ ಹೆಚ್ಚು. ಆದರೆ ಮರ ಕಡಿದ ಜಾಗದ ಎಳೆ ಚಿಗುರು ಬಲಿತು ಕಾಡಾದಾಗ ಮೇವು ಎಟುಕದೆ ಹೋಗುವುದನ್ನು ಗಮನಿಸುವವರು ಕಡಿಮೆ.

ದಕ್ಷಿಣದ ಹೊಲಸೀಮೆಯಲ್ಲಿ ಮೇವಿಗೆ ಬರವಿಲ್ಲ. ಅಲ್ಲಿ ಜಿಂಕೆಗಳ ಸಂಖ್ಯೆಗೆ, ಎಷ್ಟು ಹೆಣ್ಣು ಜಿಂಕೆಗಳನ್ನು ಹೊಡೆಯುತ್ತಾರೆ ಎಂಬುದು ಮುಖ್ಯ. ಜೊತೆಗೆ, 2002ರಲ್ಲಿ ಪತ್ತೆಯಾದ, ಮದ್ದಿಲ್ಲದ ಕ್ಷಯಕಾರಿ ಮಿದುಳುರೋಗದ ಕಾಟವೂ ಇದೆ.

ಬೇಟೆ ಸಿಗದಿದ್ದರೆ ಜಿಂಕೆಯೇ ಇಲ್ಲವೆಂದಲ್ಲ. ಓಕ್ ಕಾಯಿ ಸಮೃದ್ಧವಾದ ವರ್ಷ ಅವು ಕಾಡು ಬಿಟ್ಟು ಬಯಲಿಗೆ ಬರುವುದು ಅಪರೂಪ. ಕಟಾವಾಗದ ಮೆಕ್ಕೆಜೋಳದ ಹೊಲವೂ ಒಳ್ಳೆಯ ಅಡಗುತಾಣ. ಮಳೆಗಾಳಿಯ ದಿನ ಬೇಟೆಗಾರರೇ ಬೇಗ ಮನೆ ಸೇರುತ್ತಾರೆ. ಕಾಡಿನಲ್ಲಿ ಜನ ಓಡಾಡದಿದ್ದರೆ ಜಿಂಕೆಗಳೂ ಕದಲುವುದಿಲ್ಲ.