ಇಪ್ಪತ್ತು ಪ್ರಶ್ನೆ, ಅಳೆದದ್ದೇನು?

ಎಂ.ವಿ. ಗೋಪಾಲಸ್ವಾಮಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ರೇಡಿಯೊ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಆರಂಭಿಸಿದವರು ಅವರು. ಅದಕ್ಕೂ ಮೊದಲು, 1924ರಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಲಂಡನ್ನಿನಲ್ಲಿ ಅವರ ಗುರು ಚಾರ್ಲ್ಸ್ ಸ್ಪಿಯರ್‌ಮನ್.

ಒಂದು ವಿಷಯದಲ್ಲಿ ಚೆನ್ನಾಗಿ ಅಂಕ ತೆಗೆಯುವ ಮಕ್ಕಳು ಬೇರೆ ವಿಷಯಗಳಲ್ಲೂ ಸಾಮಾನ್ಯವಾಗಿ ಮುಂದಿರುತ್ತಾರೆ. ಇವೆಲ್ಲದರ ಹಿಂದೆ ಒಂದೇ ಶಕ್ತಿ ಇದೆ ಎಂದು ಸ್ಪಿಯರ್‌ಮನ್ 1904ರಲ್ಲಿ ವಾದಿಸಿ, ಅದನ್ನು ಪತ್ತೆಹಚ್ಚುವ ಲೆಕ್ಕವನ್ನೂ ಕೊಟ್ಟರು. ಹಲವು ಅಂಕಗಳ ಹಿಂದೆ ಅಡಗಿರುವ ಕೆಲವೇ ಅಂಶಗಳನ್ನು (ಫ್ಯಾಕ್ಟರ್) ಹುಡುಕುವ ಇಂದಿನ ಫ್ಯಾಕ್ಟರ್ ಅನಾಲಿಸಿಸ್ ಬೆಳೆದದ್ದು ಅಲ್ಲಿಂದ.

ಬುದ್ಧಿ ನಿಜಕ್ಕೂ ಒಂದೇ ಶಕ್ತಿಯೇ ಎಂಬ ಪ್ರಶ್ನೆ ಕನ್ನಡದಲ್ಲಿ ಗಟ್ಟಿಯಾಗಿ ಎದುರಾದದ್ದು ಧಾರವಾಡದ ಕಡೆ. ವಿ.ವಿ. ಕಾಮತ್ ಅವರು ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಅವರ ಪುಸ್ತಕ 1940ರಲ್ಲಿ ಬಂತು. ಪದ, ನೆನಪು, ಲೆಕ್ಕ, ಚಿತ್ರ, ಎಲ್ಲದರ ಕೊನೆಗೆ ಒಂದೇ ಅಂಕಿ. ಅದಕ್ಕೆ ಎರಡು ವರ್ಷ ಮೊದಲಷ್ಟೇ ಷಿಕಾಗೋದ ಥರ್ಸ್ಟನ್, ಬುದ್ಧಿ ಒಂದಲ್ಲ, ಹಲವು ಸಾಮರ್ಥ್ಯಗಳು ಎಂದು ಸಾರಿದ್ದರು. ಬಿನೆ-ಕಾಮತ್ ಪರೀಕ್ಷೆಯನ್ನು ಇಂದೂ ಬಳಸುವವರು ಮೊತ್ತದ ಜೊತೆಗೆ ಭಾಷೆ, ನೆನಪು, ತರ್ಕ ಎಂದು ಬಿಡಿಬಿಡಿಯಾಗಿ ನೋಡುವುದುಂಟು. ಮಗುವಿನ ದೃಷ್ಟಿಯಿಂದ ಅದೇ ನ್ಯಾಯ.

1951ರಲ್ಲಿ ಕ್ರಾನ್‌ಬಾಕ್ ಒಂದು ಪರೀಕ್ಷೆಯ ಪ್ರಶ್ನೆಗಳ ಉತ್ತರಗಳು ಒಟ್ಟಾರೆ ಎಷ್ಟು ಹೊಂದಿಕೊಳ್ಳುತ್ತವೆ ಎಂದು ತೋರಿಸುವ ‘ಆಲ್ಫಾ’ ಎಂಬ ಅಳತೆಯನ್ನು ಜನಪ್ರಿಯಗೊಳಿಸಿದ ಮೇಲೆ ಹೊಸ ತಪ್ಪು ತಿಳಿವಳಿಕೆ ಹುಟ್ಟಿತು: ಆಲ್ಫಾ 0.7 ದಾಟಿದರೆ ಪ್ರಶ್ನೆಗಳೆಲ್ಲ ಒಂದನ್ನೇ ಅಳೆಯುತ್ತಿವೆ ಎಂಬ ನಂಬಿಕೆ. ಅದು ಹಾಗಲ್ಲ. ಬೆಂಗಳೂರಿನ ಕಲಾಸಿಪಾಳ್ಯ ಬಸ್ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಇಪ್ಪತ್ತು ಪ್ರಶ್ನೆ ಹಾಕಿದ್ದೇವೆ ಎಂದುಕೊಳ್ಳಿ. ಹತ್ತು ಬಸ್ ಸೇವೆಯ ಬಗ್ಗೆ, ಹತ್ತು ಅವರ ನಿದ್ದೆ, ಸುಸ್ತು, ಮೈಕೈ ನೋವಿನ ಬಗ್ಗೆ. ಆಯಾ ಗುಂಪಿನೊಳಗೆ ಪ್ರಶ್ನೆಗಳ ಸಹಸಂಬಂಧ 0.5, ಗುಂಪುಗಳ ನಡುವೆ ಸೊನ್ನೆ. ಆಗಲೂ ಲೆಕ್ಕ ಹಾಕಿದರೆ ಆಲ್ಫಾ 0.86 ಬರುತ್ತದೆ! ಬಸ್ಸಿನ ದೂರೂ ಮಂಡಿ ನೋವೂ ಕೂಡಿದ ಆ ಮೊತ್ತ ಯಾರ ಬಗ್ಗೆಯೂ ಏನನ್ನೂ ಹೇಳದು.

ಹೀಗಾಗಿ ಮೊದಲು ಎಲ್ಲ ಪ್ರಶ್ನೆಗಳ ಹಿಂದೆ ಒಂದೇ ಫ್ಯಾಕ್ಟರ್ ಇದೆ ಎಂದು ಊಹಿಸಿ, ಅದರ ಪ್ರಭಾವ ತೆಗೆದ ಮೇಲೂ ಯಾವ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದು ನೋಡಬೇಕು. ಕಲಾಸಿಪಾಳ್ಯದಂಥ ಕಡೆ ಕೆಲಸ ಅಲ್ಲಿಗೇ ನಿಲ್ಲುವುದಿಲ್ಲ. ಅಲ್ಲಿ ಒಂದೇ ಸಾಲಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವವರು ನಿಂತಿರುತ್ತಾರೆ. ಕನ್ನಡದ ಉತ್ತರಗಳಲ್ಲಿ ಒಟ್ಟಿಗಿದ್ದ ಪ್ರಶ್ನೆಗಳು ಉರ್ದುವಿಗೆ ಹೋದಾಗ ಬೇರೆಯಾಗಬಹುದು. ಆದ್ದರಿಂದ ಪ್ರತಿ ಭಾಷೆಯ ಉತ್ತರಗಳ ಮೇಲೂ ಅದೇ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿ, ಆಮೇಲಷ್ಟೇ ಅಂಕಗಳನ್ನು ಹೋಲಿಸಬೇಕು.