ಹದಿನೇಳು ಅಡಿಟಿಪ್ಪಣಿ, ಒಂದೇ ಪುಸ್ತಕ

1/4
ಮೊದಲನೇ ಫೋಟೋ ಝೂಮ್ ಮಾಡಿ ನೋಡಿ. ಕಾಲೇಜಿನ ಪ್ರಬಂಧ ಸ್ಪರ್ಧೆಗೆ ನಾನು ಬರೆದ ವಿಜಯನಗರದ ಪ್ರಬಂಧ ಅದು. (ಬಿಕಾಂ ಹುಡುಗನಿಗೆ ಇತಿಹಾಸ ಯಾಕಪ್ಪ ಅಂತ ಕೇಳ್ಬೇಡಿ, ಮನೇಲಿ ಕೇಳಿ ಆಯ್ತು.) ಕೆಂಪು ಪೆನ್ನಲ್ಲಿ ಸುತ್ತು ಹಾಕಿರೋದು ಅಡಿಟಿಪ್ಪಣಿಗಳಿಗೆ. ಬಹುಮಾನ ಬಂದಿಲ್ಲ ಅಂತ ಬೇರೆ ಹೇಳ್ಬೇಕಾಗಿಲ್ಲ ಅಲ್ವಾ.

ಆಗಿದ್ದು ಇಷ್ಟು. ನಾನು ನಿಜವಾಗಿ ಓದಿದ್ದು ಒಂದೇ ಪುಸ್ತಕ: ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ‘ಎ ಫರ್ಗಾಟನ್ ಎಂಪೈರ್’. ಮೊದಲ ಕರಡಿನಲ್ಲಿ ಹದಿನೇಳು ಟಿಪ್ಪಣಿ ಇದ್ವು. ಮೊದಲನೇದು ಸೆವೆಲ್, ಆಮೇಲೆ ಹದಿನಾರು ಸಲ ‘ಅದೇ’, ‘ಅದೇ’, ‘ಅದೇ’. ಒಬ್ಬ ಸೀನಿಯರ್ ನೋಡಿ ನಕ್ಕ. “ಒಂದೇ ಪುಸ್ತಕ ಓದಿದೀಯ ಅಂತ ಊರಿಗೆಲ್ಲ ಡಂಗುರ ಹೊಡೀತಿದೀಯಲ್ಲೋ!”

ಮರ್ಯಾದೆ ಪ್ರಶ್ನೆ. ರಾತ್ರಿ ಕೂತು ಹೆಸರು ಬದಲಾಯಿಸಿದೆ. ಐದು ಕಡೆ ಪಾಯೆಸ್, ನಾಲ್ಕು ಕಡೆ ನ್ಯೂನಿಜ್, ಮೂರು ಕಡೆ ಫೆರಿಷ್ತಾ, ಉಳಿದ ಐದು ಸೆವೆಲ್. ನೋಡೋಕೆ ಎಷ್ಟು ಚೆನ್ನಾಗಿತ್ತು ಗೊತ್ತಾ, ದೊಡ್ಡ ವಿದ್ವಾಂಸ ಬರ್ದಂಗೆ.

ತೀರ್ಪು ಕೊಟ್ಟ ಮೇಡಂ ಅಂಚಿನಲ್ಲಿ ಬರೆದಿದ್ದು: “ಫೆರಿಷ್ತಾನನ್ನ ಪರ್ಷಿಯನ್ನಲ್ಲಿ ಓದಿದ್ಯೇನಪ್ಪ?”

2/4
ಈ ಹೆಸರುಗಳೆಲ್ಲ ಒಂದೇ ಪುಸ್ತಕಕ್ಕೆ ಹೇಗೆ ಬಂದ್ವು ಅನ್ನೋದೇ ಒಂದು ಕಥೆ.

ಡೊಮಿಂಗೊ ಪಾಯೆಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ಹಂಪಿಗೆ ಬಂದಿದ್ದು 1520ರ ಸುಮಾರಿಗೆ, ಕೃಷ್ಣದೇವರಾಯ ಆಳ್ತಿದ್ದಾಗ. ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜ್ ಬಂದಿದ್ದು 1535ರ ಸುಮಾರಿಗೆ, ಅಚ್ಯುತರಾಯನ ಕಾಲದಲ್ಲಿ. ಇಬ್ಬರ ಬರಹವೂ ಹಸ್ತಪ್ರತಿಯಾಗಿ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿತ್ತು. ಅದನ್ನು ಡೇವಿಡ್ ಲೋಪೆಸ್ ಅನ್ನೋ ವಿದ್ವಾಂಸ ಲಿಸ್ಬನ್‌ನಲ್ಲಿ ಅಚ್ಚು ಹಾಕಿಸಿದ್ದು 1897ರಲ್ಲಿ. ಮೂರು ವರ್ಷಕ್ಕೆ ಮದ್ರಾಸ್ ಸಿವಿಲ್ ಸರ್ವಿಸ್‌ನ ಸೆವೆಲ್ ಇಬ್ಬರನ್ನೂ ಇಂಗ್ಲಿಷಿಗೆ ತಂದು, ತನ್ನ ಪುಸ್ತಕದ ಕೊನೆಗೆ ಸೇರಿಸಿದ. ಮುಂದಿನ ಭಾಗ ಅವನದೇ ಕಥನ. ಫೆರಿಷ್ತಾ ಬಿಜಾಪುರದ ಆಸ್ಥಾನದಲ್ಲಿದ್ದು ಪರ್ಷಿಯನ್‌ನಲ್ಲಿ ಬರೆದ ಇತಿಹಾಸಕಾರ. ಅವನನ್ನೂ ಸೆವೆಲ್ ಇಂಗ್ಲಿಷ್ ಅನುವಾದಗಳಿಂದಲೇ ತಗೊಂಡಿದ್ದು. ಅಂದ್ರೆ ನಾನು ಓದಿದ್ದು ಅನುವಾದ ಓದಿದವನನ್ನ!

ಇನ್ನು ‘ಅದೇ’ ಬಗ್ಗೆ. ಇದು ಲ್ಯಾಟಿನ್ನಿನ ‘ಇಬಿಡೆಮ್’, ಅಂದ್ರೆ ‘ಅದೇ ಜಾಗದಲ್ಲಿ’. ಕನ್ನಡ ಪುಸ್ತಕಗಳಲ್ಲಿ ‘ಅದೇ’ ಅಂತ ಹಾಕಿ ಪುಟದ ಸಂಖ್ಯೆ ಕೊಡ್ತಾರೆ. ನೆನಪಿಡಬೇಕಾದ್ದು ಒಂದೇ: ‘ಅದೇ’ ಅಂದ್ರೆ ಸರಿಯಾಗಿ ಹಿಂದಿನ ಟಿಪ್ಪಣಿ. ನಡುವೆ ಬೇರೆ ಪುಸ್ತಕ ಬಂದ್ರೆ ‘ಅದೇ’ ಆ ಪುಸ್ತಕಕ್ಕೆ ಅಂಟ್ಕೊಳ್ಳುತ್ತೆ, ಆಗ ‘ಪೂರ್ವೋಕ್ತ’ ಅನ್ಬೇಕು. ಕಂಪ್ಯೂಟರ್‌ನಲ್ಲಿ ಒಂದು ಪ್ಯಾರಾ ಎತ್ತಿ ಬೇರೆ ಕಡೆ ಹಾಕಿದ್ರಂತೂ ಎಲ್ಲಾ ‘ಅದೇ’ಗಳೂ ದಿಕ್ಕು ತಪ್ಪುತ್ವೆ. ಅದಕ್ಕೇ ಶಿಕಾಗೊ ಕೈಪಿಡಿಯ 2017ರ ಆವೃತ್ತಿ, ‘ಇಬಿಡೆಮ್’ ಬದಲು ಲೇಖಕರ ಹೆಸರನ್ನೇ ಚಿಕ್ಕದಾಗಿ ಮತ್ತೆ ಬರೆಯೋದು ಒಳ್ಳೇದು ಅನ್ನುತ್ತೆ.

3/4
ನಮ್ಮ ಬಿಕಾಂ ಗ್ಯಾಂಗಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಅಡಿಟಿಪ್ಪಣಿ ಅಂದ್ರೆ ವೋಚರ್. ಒಂದೇ ಬಿಲ್ಲನ್ನ ಮೂರು ಹೆಸರಲ್ಲಿ ಮೂರು ಸಲ ಎಂಟ್ರಿ ಮಾಡಿದ್ರೆ ಮೂರು ಖರ್ಚು ಆಗಲ್ಲ, ಆಡಿಟರ್ ಹಿಡಿದೇ ಹಿಡೀತಾರೆ. ಹದಿನಾರು ‘ಅದೇ’ ನೋಡೋಕೆ ಬಡವಾಗಿ ಕಂಡ್ರೂ ಲೆಕ್ಕ ಸರಿ ಇತ್ತು.

ಉದಾಹರಣೆಗೆ, ಕೃಷ್ಣದೇವರಾಯನ ಮುಖದ ಮೇಲೆ ಸಿಡುಬಿನ ಕಲೆ ಇತ್ತು ಅಂತ ಎಷ್ಟೊಂದು ಕಡೆ ಓದಿರ್ತೀರ. ನನ್ನ ಫೋನಲ್ಲಿ ಸೇವ್ ಮಾಡ್ಕೊಂಡ ಲೇಖನಗಳಲ್ಲೆಲ್ಲ ಅದು ಇದೆ. ಎಲ್ಲವನ್ನೂ ಹಿಂದಕ್ಕೆ ಹಿಡ್ಕೊಂಡು ಹೋದ್ರೆ ಸಿಗೋದು ಪಾಯೆಸ್ ಒಬ್ಬನೇ. ಅವನು ರಾಜನನ್ನ ಕಣ್ಣಾರೆ ನೋಡಿದವನು, ನಂಬಬಹುದು. ಆದ್ರೆ ಸಾಕ್ಷಿ ಒಂದೇ.

ನಾನು ಮಾಡಿದ್ದು ಇದಕ್ಕಿಂತ ದೊಡ್ಡ ಎಡವಟ್ಟು. ಎರಡನೇ ಫೋಟೋದಲ್ಲಿ ಎರಡು ಸಲ ಸುತ್ತು ಹಾಕಿರೋ ಸಾಲು ಓದಿ. ‘ಯುದ್ಧದ ನಂತರ ನಗರದಲ್ಲಿ ಒಂದು ಮನೆಯೂ ಉಳಿಯಲಿಲ್ಲ.’ ಕೆಳಗೆ ಟಿಪ್ಪಣಿ: ಪಾಯೆಸ್.

ತಾಳಿಕೋಟೆ ಯುದ್ಧ ಆಗಿದ್ದು 1565ರ ಜನವರಿಯಲ್ಲಿ. ಪಾಯೆಸ್ ಬಂದು ಹೋಗಿ ನಲವತ್ತು ವರ್ಷದ ಮೇಲಾಗಿತ್ತು! ರಾತ್ರಿ ಒಂದು ಗಂಟೆಗೆ ಹೆಸರು ಹಂಚ್ತಾ ಕೂತಾಗ, ತುಂಬಿ ತುಳುಕೋ ನಗರ ನೋಡಿ ರೋಮ್‌ಗೆ ಹೋಲಿಸಿದ ಮನುಷ್ಯನ ಬಾಯಲ್ಲಿ ಅದೇ ನಗರದ ನಾಶ ಹೇಳಿಸಿಬಿಟ್ಟಿದ್ದೆ.

ನಾಚಿಕೆಯಾಗಿ ಮತ್ತೆ ಪುಸ್ತಕ ತೆಗೆದೆ. ತಿಂಗಳುಗಟ್ಟಲೆ ನಡೆದ ಲೂಟಿ, ಬೆಂಕಿ, ನಾಶದ ಆ ಚಿತ್ರ ಬರೆದವನು ಸೆವೆಲ್, ಮುನ್ನೂರು ಚಿಲ್ಲರೆ ವರ್ಷ ಆದ್ಮೇಲೆ. ಅದೇ ಪುಸ್ತಕದಲ್ಲಿ ಸೀಸರ್ ಫ್ರೆಡರಿಕ್ ಅನ್ನೋ ವೆನಿಸ್‌ನ ವ್ಯಾಪಾರಿಯ ಮಾತೂ ಇದೆ. ಅವನು 1567ರಲ್ಲಿ ಬಂದು ಏಳು ತಿಂಗಳು ಅಲ್ಲೇ ಇದ್ದ. ಅವನು ಹೇಳೋದು ಬೇರೆ: ನಗರ ಪೂರ್ತಿ ನಾಶ ಆಗಿಲ್ಲ, ಮನೆಗಳು ನಿಂತಿವೆ, ಆದ್ರೆ ಖಾಲಿ, ಅವುಗಳಲ್ಲಿ ಹುಲಿ, ಕಾಡುಪ್ರಾಣಿ ಸೇರ್ಕೊಂಡಿವೆ ಅಂತ ಜನ ಹೇಳ್ತಾರೆ.

ನಿಂತಿರೋ ಖಾಲಿ ಮನೆಗಳು. ಇದನ್ನ ನಾನು ಮೊದಲನೇ ಸಲವೇ ಓದಿದ್ದೆ. ನನ್ನ ವಾಕ್ಯಕ್ಕೆ ಹೊಂದಲ್ಲ ಅಂತ ಪುಟ ತಿರುಗಿಸಿದ್ದೆ, ಅಷ್ಟೇ.

4/4
ಈಗ ಮತ್ತೆ ಬರೆದಿದೀನಿ, ಸ್ಪರ್ಧೆಗಲ್ಲ. ಮೊದಲನೇ ಟಿಪ್ಪಣಿಯಲ್ಲಿ ಪುಸ್ತಕದ ಪೂರ್ತಿ ವಿವರ. ಆಮೇಲೆ ‘ಪಾಯೆಸ್, ಸೆವೆಲ್ ಅನುವಾದದಲ್ಲಿ’, ‘ಫ್ರೆಡರಿಕ್, ಸೆವೆಲ್ ಉಲ್ಲೇಖಿಸಿದಂತೆ’ ಅಂತ, ಪುಟ ಸಮೇತ. ಎರಡು ಪ್ಯಾರಾ ಪೂರ್ತಿ ಅವನ ಕಥನವೇ ಆಗಿರೋ ಕಡೆ, ಶುರುವಲ್ಲೇ ‘ಇಲ್ಲಿಂದ ಮುಂದೆ ಸೆವೆಲ್ ಹೇಳುವಂತೆ’ ಅಂತ ಹಾಕಿದೀನಿ. ಹದಿನೇಳು ಹೋಗಿ ಹತ್ತೊಂಬತ್ತಾಗಿದೆ, ಹತ್ತೊಂಬತ್ತರಲ್ಲೂ ಸೆವೆಲ್ ಇದಾನೆ. ಸೀನಿಯರ್ ಮತ್ತೆ ನಗಬಹುದು.

ಮೇಡಂಗೆ ತೋರಿಸಿದೆ. ಓದಿ, “ಎಲ್ಲಾ ಹೊರಗಿಂದ ಬಂದವ್ರೇ ಆದ್ರಲ್ಲ, ರಾಯ ತಾನೇ ಬರೆಸಿದ್ದು ಏನೂ ಸಿಗ್ಲಿಲ್ವಾ?” ಅಂದ್ರು. ಇದೆ. ಪಟ್ಟಾಭಿಷೇಕದ ಸಂದರ್ಭದಲ್ಲಿ ಕೃಷ್ಣದೇವರಾಯ ರಂಗಮಂಟಪ ಕಟ್ಟಿಸಿದ್ದನ್ನ ಹೇಳೋ ಶಾಸನ ವಿರೂಪಾಕ್ಷ ಗುಡಿಯಲ್ಲೇ ಇದೆ, ಕನ್ನಡದಲ್ಲೂ ಸಂಸ್ಕೃತದಲ್ಲೂ. ಆ ಗುಡಿ ಮುಂದೆ ಎಷ್ಟು ಸೆಲ್ಫಿ ತಗೊಂಡಿದೀನೋ, ಕಲ್ಲಿನ ಮೇಲೆ ಏನು ಬರೆದಿದೆ ಅಂತ ಒಂದು ಸಲವೂ ನೋಡಿಲ್ಲ.

ಭಾನುವಾರ ಬೆಳಿಗ್ಗೆ ಹಂಪಿ ಬಸ್ ಹತ್ತೀನಿ. ಬರೋರು ಮೆಸೇಜ್ ಮಾಡಿ. ಹಳಗನ್ನಡ ಲಿಪಿ ಓದೋಕೆ ಬರೋರು ಯಾರಾದ್ರೂ ಇದ್ರೆ, ಅಣ್ಣ ಅಕ್ಕ ಯಾರೇ ಆಗ್ಲಿ, ತಿಂಡಿ ಖರ್ಚು ನಂದೇ.